ಹೃದಯ ನಿಂತಾಗ ಮೆದುಳನ್ನು ಉಳಿಸೋಣ

(ಸಿದ್ದಾಪುರದಲ್ಲಿ ನಡೆದ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ವಿದ್ಯಾಭ್ಯಾಸಕ್ಕಾಗಿ ದುಡಿಯುವ ಸಂಘದ ಸಭೆಯಲ್ಲಿ ಪರೀಕ್ಷೆಯ ಫಲಿತಾಂಶ, ವಿದ್ಯಾರ್ಥಿವೇತನ, ಉನ್ನತ ಶಿಕ್ಷಣ ಇವುಗಳ ಬಗ್ಗೆ ಮಾತನಾಡುವುದು ವಾಡಿಕೆ. ಈ ಬಾರಿ ಕಾರ್ಯದರ್ಶಿಗಳು ನನಗೆ ಫೋನ್ ಮಾಡಿ, "ಡಾಕ್ಟರ್ ಸಾಹೇಬರೇ, ಆರೋಗ್ಯದ ಬಗ್ಗೆ ಅರ್ಧ ಗಂಟೆ ಮಾತಾಡಿ" ಎಂದರು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಎಂದು ಮಾತಾಡಿದರೆ ನೀವು ಮರ್ಯಾದೆಗೆ ಕೇಳಿಸಿಕೊಂಡು, ಹೊರಗೆ ಹೋಗಿ ಎರಡು ಚಮಚ ಸಕ್ಕರೆಯ ಚಹಾ ಕುಡಿಯುತ್ತೀರಿ ಎಂದು ನನಗೆ ಗೊತ್ತು. ಆದ್ದರಿಂದ ಇಂದು ಒಂದೇ ವಿಷಯವನ್ನು ಆರಿಸಿಕೊಂಡಿದ್ದೇನೆ. ಹೃದಯ ಹಠಾತ್ತನೆ ನಿಂತುಹೋದಾಗ ಮನುಷ್ಯನ ಮೆದುಳನ್ನು ಕಾಪಾಡುವುದು ಹೇಗೆ ಎಂಬುದೇ ಆ ವಿಷಯ. ಇದೂ ಒಂದು ಪಾಠವೇ. ಶಾಲೆಯಲ್ಲಿ ಕಲಿಸಬಹುದಾದ, ಕಲಿಸಲೇಬೇಕಾದ ಪಾಠ.

ಮೊದಲು ನನ್ನ ಮನೆಯ ಕಥೆಯನ್ನೇ ಹೇಳುತ್ತೇನೆ.

1995ರ ಡಿಸೆಂಬರ್ ತಿಂಗಳು. ನಾನು ಆಗ ಪಿಯುಸಿ ಓದುತ್ತಿದ್ದೆ. ಇದೇ ಸಿದ್ದಾಪುರದಲ್ಲಿ ನಮ್ಮ ಅಬ್ಬಾ ಒಂದು ಚಿಕ್ಕ ಟೈಲರಿಂಗ್ ಅಂಗಡಿ ನಡೆಸುತ್ತಿದ್ದರು. ಬೆಳಗಿನ ನಮಾಜ್ ಮುಗಿಸಿ ಬಂದು, ಅಂಗಡಿಯ ಶಟರ್ ಅರ್ಧ ಎತ್ತಿ, ಮೆಟ್ಟಿಲ ಮೇಲೆ ಕುಳಿತವರು ಹಾಗೆಯೇ ಪಕ್ಕಕ್ಕೆ ಉರುಳಿದರು. ಕೈಕಾಲು ಒಂದೆರಡು ಸಲ ಅದುರಿದವು. ಯಾರೋ "ಫಿಟ್ಸ್ ಬಂದಿದೆ" ಎಂದು ಬೀಗದ ಕೈ ಗೊಂಚಲನ್ನು ಅವರ ಕೈಯಲ್ಲಿ ತುರುಕಿದರು. ಇನ್ನೊಬ್ಬರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು. ನಾನು ಒಂದು ಲೋಟ ನೀರು ತಂದು ಮುಖಕ್ಕೆ ಚಿಮುಕಿಸುತ್ತಾ ನಿಂತೆ. ಅಬ್ಬಾರ ಗಂಟಲಿನಿಂದ ಆಗಾಗ ಗೊರಕೆಯಂಥ ಸದ್ದು ಬರುತ್ತಿತ್ತು. ಪಕ್ಕದ ಅಂಗಡಿಯ ಚಾಚಾ, "ಉಸಿರು ಇದೆ ಬೇಟಾ, ಹೆದರಬೇಡ" ಎಂದು ನನ್ನ ಬೆನ್ನು ತಟ್ಟಿದರು. ಆಟೋ ಸಿಕ್ಕಿ, ಆಸ್ಪತ್ರೆ ಮುಟ್ಟುವ ಹೊತ್ತಿಗೆ ಕಾಲು ಗಂಟೆಯೇ ಆಗಿರಬೇಕು.

ಆಸ್ಪತ್ರೆಯಲ್ಲಿ ಎದೆಗೆ ವಿದ್ಯುತ್ ಆಘಾತ ಕೊಟ್ಟರು. ಹೃದಯ ಮತ್ತೆ ಬಡಿಯಿತು! ಅಮ್ಮಿ ಅಲ್ಲೇ ಕಾರಿಡಾರಿನಲ್ಲಿ ಕುಳಿತು ಕಣ್ಣೀರು ಹಾಕುತ್ತಾ ಶುಕ್ರ್ ಹೇಳಿದರು. ಆದರೆ ಅಬ್ಬಾ ಕಣ್ಣು ತೆರೆಯಲಿಲ್ಲ. ಒಂಬತ್ತು ದಿನ ನಾಡಿ ಸರಿಯಾಗಿತ್ತು, ಮೈ ಬೆಚ್ಚಗಿತ್ತು, ಗಡ್ಡ ಕೂಡ ಬೆಳೆಯುತ್ತಿತ್ತು. ಹತ್ತನೆಯ ದಿನ ಅವರು ನಮ್ಮನ್ನು ಬಿಟ್ಟುಹೋದರು. ಒಬ್ಬ ಹಿರಿಯ ವೈದ್ಯರು ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದ್ದು ಇಷ್ಟೇ: "ಹೃದಯ ಬಂತಪ್ಪ, ಮೆದುಳು ಬರಲಿಲ್ಲ."

ಆ ಮಾತಿನ ಅರ್ಥ ಅಂದು ನನಗೆ ಆಗಲಿಲ್ಲ. ಈಗ ನಾನೂ ತೀವ್ರ ನಿಗಾ ಘಟಕದಲ್ಲಿ ಕೆಲಸ ಮಾಡುವ ವೈದ್ಯ. ಅದೇ ಮಾತನ್ನು ಎಷ್ಟೋ ಮನೆಯವರಿಗೆ ನಾನೇ ಹೇಳಬೇಕಾಗಿ ಬಂದಿದೆ. ಇಂದಿನ ನನ್ನ ಭಾಷಣ ಆ ಒಂದು ವಾಕ್ಯದ ವಿವರಣೆ ಮಾತ್ರ.

ಎರಡು ಪದಗಳ ಗೊಂದಲ

ಹೃದಯಾಘಾತ ಬೇರೆ, ಹೃದಯ ಸ್ತಂಭನ ಬೇರೆ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿಕೊಳ್ಳುವುದು ಹೃದಯಾಘಾತ, ಅಂದರೆ ನಾವು ಹೇಳುವ ಹಾರ್ಟ್ ಅಟ್ಯಾಕ್. ಆಗ ರೋಗಿಗೆ ಎದೆನೋವು, ಬೆವರು, ಸಂಕಟ ಇರುತ್ತದೆ. ಆದರೆ ಆತ ಮಾತನಾಡುತ್ತಾನೆ, ಹೃದಯ ಬಡಿಯುತ್ತಿರುತ್ತದೆ. ಹೃದಯ ಸ್ತಂಭನ ಎಂದರೆ ಬಡಿತವೇ ನಿಂತು, ರಕ್ತ ಸಂಚಾರ ನಿಲ್ಲುವುದು. ಹಾರ್ಟ್ ಅಟ್ಯಾಕ್ ಕೆಲವೊಮ್ಮೆ ಸ್ತಂಭನಕ್ಕೆ ಕಾರಣವಾಗುತ್ತದೆ. ವಿದ್ಯುತ್ ತಗಲುವುದು, ನೀರಿನಲ್ಲಿ ಮುಳುಗುವುದು, ಉಸಿರು ಕಟ್ಟುವುದು, ಹುಟ್ಟಿನಿಂದಲೇ ಬಂದ ಹೃದಯದ ದೋಷ ಇವೂ ಕಾರಣವಾಗಬಹುದು.

ಹಾರ್ಟ್ ಅಟ್ಯಾಕ್ ಆದವನನ್ನು ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಹೃದಯ ಸ್ತಂಭನವಾದವನಿಗೆ ಬಿದ್ದ ಜಾಗದಲ್ಲೇ, ಆ ಕ್ಷಣದಲ್ಲೇ ಚಿಕಿತ್ಸೆ ಶುರುವಾಗಬೇಕು. ಈ ವ್ಯತ್ಯಾಸ ತಿಳಿದರೆ ಅರ್ಧ ಪಾಠ ಕಲಿತಂತೆ.

ಮೆದುಳಿಗೇ ಏಕೆ ಮೊದಲ ಪೆಟ್ಟು?

ನಮ್ಮ ಮೆದುಳಿನ ತೂಕ ದೇಹದ ತೂಕದ ನೂರರಲ್ಲಿ ಎರಡು ಪಾಲು ಮಾತ್ರ. ಆದರೆ ದೇಹ ಬಳಸುವ ಆಮ್ಲಜನಕದ ಐದನೆಯ ಒಂದು ಭಾಗ ಅದಕ್ಕೇ ಬೇಕು. ಅಷ್ಟು ಖರ್ಚು ಮಾಡುವ ಈ ಅಂಗದಲ್ಲಿ ಉಳಿತಾಯ ಎಂಬುದಿಲ್ಲ. ಸ್ನಾಯುವಿನಲ್ಲಿ, ಯಕೃತ್ತಿನಲ್ಲಿ ಒಂದಿಷ್ಟು ದಾಸ್ತಾನು ಇರುತ್ತದೆ. ಮೆದುಳು ಮಾತ್ರ ದಿನಗೂಲಿ ನೌಕರನ ಮನೆಯಂತೆ. ಬಂದದ್ದನ್ನು ಅಂದೇ, ಆಗಲೇ ಖರ್ಚು ಮಾಡುತ್ತದೆ.

ರಕ್ತ ನಿಂತ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ಪ್ರಜ್ಞೆ ಹೋಗುತ್ತದೆ. ನಾಲ್ಕೈದು ನಿಮಿಷಗಳಲ್ಲಿ ಮೆದುಳಿನ ಜೀವಕೋಶಗಳಿಗೆ ಸರಿಪಡಿಸಲಾಗದ ಹಾನಿ ಆರಂಭವಾಗುತ್ತದೆ. ಎಲ್ಲ ಕೋಶಗಳೂ ಒಟ್ಟಿಗೆ ಸಾಯುವುದಿಲ್ಲ. ಹೊಸ ನೆನಪನ್ನು ಕೂಡಿಡುವ ಹಿಪೊಕ್ಯಾಂಪಸ್ ಎಂಬ ಭಾಗದ ಕೋಶಗಳು, ನಡಿಗೆಯ ಸಮತೋಲನ ಕಾಯುವ ಕಿರುಮೆದುಳಿನ ಕೋಶಗಳು ಬಹಳ ಸೂಕ್ಷ್ಮ. ಅವು ಮೊದಲು ಪೆಟ್ಟು ತಿನ್ನುತ್ತವೆ. ಆದ್ದರಿಂದಲೇ ಬದುಕಿ ಬಂದವರಲ್ಲೂ ಕೆಲವರಿಗೆ ಮರೆವು ಹೆಚ್ಚಾಗಿರುತ್ತದೆ.

ಇನ್ನೊಂದು ವಿಚಿತ್ರವಿದೆ. ಹೃದಯ ಮರಳಿ ಬಡಿದು ರಕ್ತ ಹರಿದ ಮೇಲೂ ಮೆದುಳಿಗೆ ಹಾನಿ ನಿಲ್ಲುವುದಿಲ್ಲ. ಬೆಂಗಳೂರಿನವರಿಗೆ ಇದನ್ನು ತಿಳಿಸುವುದು ಸುಲಭ. ಎರಡು ದಿನ ಕಾವೇರಿ ನೀರು ನಿಂತು, ಮೂರನೆಯ ದಿನ ನಲ್ಲಿ ಬಿಟ್ಟಾಗ ಮೊದಲು ಏನು ಬರುತ್ತದೆ? ಗಾಳಿ, ತುಕ್ಕು, ಕೆಂಪು ನೀರು. ಹಾಗೆಯೇ ಹಸಿದಿದ್ದ ಕೋಶಗಳಿಗೆ ರಕ್ತ ಮರಳಿದಾಗ ಅಲ್ಲಿ ವಿಷಕಾರಿ ರಾಸಾಯನಿಕಗಳು ಹುಟ್ಟುತ್ತವೆ, ಬಾವು ಬರುತ್ತದೆ, ಫಿಟ್ಸ್ ಕಾಣಿಸಿಕೊಳ್ಳಬಹುದು, ಜ್ವರ ಏರಬಹುದು. ಈ ಎರಡನೆಯ ಪೆಟ್ಟು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನಡೆಯುತ್ತದೆ. ಅಂದರೆ ಮೆದುಳನ್ನು ಎರಡು ಬಾರಿ ಕಾಯಬೇಕು. ಮೊದಲ ಬಾರಿ ಬೀದಿಯಲ್ಲಿ, ಎರಡನೆಯ ಬಾರಿ ಆಸ್ಪತ್ರೆಯಲ್ಲಿ.

ಎರಡು ದೊಡ್ಡ ಆಸ್ಪತ್ರೆಗಳ ನಡುವೆ ನಾವು

ನಮ್ಮ ಸಿದ್ದಾಪುರದ ಅದೃಷ್ಟ ನೋಡಿ. ಒಂದು ಕಡೆ ಹೊಸೂರು ರಸ್ತೆಯಲ್ಲಿ ಮೆದುಳಿಗೆ ಹೆಸರಾದ ನಿಮ್ಹಾನ್ಸ್. ಇನ್ನೊಂದು ಕಡೆ ಬನ್ನೇರುಘಟ್ಟ ರಸ್ತೆಯಲ್ಲಿ ಹೃದಯಕ್ಕೆ ಹೆಸರಾದ ಜಯದೇವ. ದೇಶದ ಮೂಲೆಮೂಲೆಯಿಂದ ಜನ ರೈಲು ಹತ್ತಿ ಈ ಎರಡು ಆಸ್ಪತ್ರೆಗಳಿಗೆ ಬರುತ್ತಾರೆ. ನಮಗೆ ಎರಡೂ ಆಟೋ ದೂರದಲ್ಲಿವೆ. "ನಮಗೇನು ಚಿಂತೆ?" ಎಂದು ಅನ್ನಿಸುವುದು ಸಹಜ.

ಆದರೆ ಮೆದುಳು ಕಿಲೋಮೀಟರ್ ಲೆಕ್ಕ ನೋಡುವುದಿಲ್ಲ, ನಿಮಿಷದ ಲೆಕ್ಕ ನೋಡುತ್ತದೆ. ಬೆಳಿಗ್ಗೆ ಒಂಬತ್ತು ಗಂಟೆಗೆ ಅಶೋಕ ಪಿಲ್ಲರ್ ದಾಟುವುದಕ್ಕೇ ನಾಲ್ಕು ನಿಮಿಷ ಬೇಕು. ಕರ್ನಾಟಕದಲ್ಲಿ 2008ರ ನವೆಂಬರ್‌ನಿಂದ 108 ಆಂಬುಲೆನ್ಸ್ ಇದೆ. ಅದು ಎಷ್ಟೇ ಚುರುಕಾಗಿ ಬಂದರೂ ನಮ್ಮ ಓಣಿಯ ತಿರುವಿನಲ್ಲಿ ನಿಂತ ಬೈಕುಗಳನ್ನು ದಾಟಿಕೊಂಡೇ ಬರಬೇಕು. ಏನೂ ಮಾಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ನೂರಕ್ಕೆ ಏಳರಿಂದ ಹತ್ತರಷ್ಟು ಕುಗ್ಗುತ್ತದೆ. ಹತ್ತು ನಿಮಿಷ ಕಳೆದರೆ ಉಳಿಯುವುದೇನು ಎಂದು ನೀವೇ ಲೆಕ್ಕ ಹಾಕಿ.

ಹಾಗಾದರೆ ಆ ನಿಮಿಷಗಳಲ್ಲಿ ಮೆದುಳನ್ನು ಕಾಯುವವರು ಯಾರು? ಪಕ್ಕದಲ್ಲಿ ನಿಂತವರು. ಮಗ, ಸೊಸೆ, ಅಂಗಡಿಯ ಹುಡುಗ, ಮಸೀದಿಯಲ್ಲಿ ಪಕ್ಕದ ಸಾಲಿನಲ್ಲಿದ್ದವರು, ಲಾಲ್‌ಬಾಗಿನಲ್ಲಿ ಜೊತೆಗೆ ವಾಕಿಂಗ್ ಮಾಡುತ್ತಿದ್ದವರು. ಬೇರೆ ಯಾರೂ ಅಷ್ಟು ಬೇಗ ಬರಲಾರರು.

ಎರಡು ಕೈಗಳ ಕೆಲಸ

1960ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯಿಂದ ಒಂದು ವರದಿ ಬಂತು. ಎದೆಯನ್ನು ಕತ್ತರಿಸದೆ, ಹೊರಗಿನಿಂದಲೇ ಲಯಬದ್ಧವಾಗಿ ಒತ್ತಿದರೆ ನಿಂತ ಹೃದಯದಿಂದಲೂ ರಕ್ತ ಹರಿಯುತ್ತದೆ ಎಂದು ಅದು ತೋರಿಸಿತು. ಬರೆದ ಮೂವರಲ್ಲಿ ಮೊದಲನೆಯವರಾದ ಕೌವೆನ್‌ಹೋವನ್ ವೈದ್ಯರಲ್ಲ, ವಿದ್ಯುತ್ ಇಂಜಿನಿಯರ್! ಹೀಗೆ ಒತ್ತಿದಾಗ ಸಾಮಾನ್ಯವಾಗಿ ಹರಿಯುವ ರಕ್ತದ ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಹರಿಯಬಹುದು. ಅಷ್ಟೇ ಸಾಕು, ಸಹಾಯ ಬರುವವರೆಗೆ ಮೆದುಳನ್ನು ಜೀವಂತ ಇಡಲು.

ಅದೇ ಕಾಲದಲ್ಲಿ ಬಾಯಿಯಿಂದ ಉಸಿರು ಕೊಡುವ ವಿಧಾನವನ್ನು ರೂಢಿಗೆ ತಂದವರು ಪೀಟರ್ ಸಾಫರ್ ಎಂಬ ಅರಿವಳಿಕೆ ತಜ್ಞರು. 1966ರಲ್ಲಿ ಅವರ ಹನ್ನೊಂದು ವರ್ಷದ ಮಗಳು ಆಸ್ತಮಾದಿಂದ ಉಸಿರು ಕಟ್ಟಿ ಕುಸಿದಳು. ಆ ಹುಡುಗಿಯ ಹೃದಯ ಮರಳಿ ಬಂತು, ಮೆದುಳು ಬರಲಿಲ್ಲ. ಜಗತ್ತಿಗೇ ಜೀವ ಉಳಿಸುವುದನ್ನು ಕಲಿಸಿದ ತಂದೆ ತನ್ನ ಮಗಳನ್ನು ಕಳೆದುಕೊಂಡರು. ಹೃದಯವನ್ನೂ ಶ್ವಾಸಕೋಶವನ್ನೂ ಎಬ್ಬಿಸಿದರೆ ಸಾಲದು, ಮೆದುಳನ್ನು ಎಬ್ಬಿಸುವುದೇ ನಿಜವಾದ ಗುರಿ ಎಂದು ಆಮೇಲೆ ಅವರು ಜೀವನವಿಡೀ ಹೇಳುತ್ತಾ ಬಂದರು. 2003ರಲ್ಲಿ ಅವರು ತೀರಿಕೊಂಡರು. ಅವರ ಕಥೆ ಓದಿದಾಗಲೆಲ್ಲ ನನಗೆ ನಮ್ಮ ಅಂಗಡಿಯ ಮೆಟ್ಟಿಲು ನೆನಪಾಗುತ್ತದೆ.

ಈಗ ಕ್ರಮವನ್ನು ಹೇಳುತ್ತೇನೆ. ದಯವಿಟ್ಟು ಗಮನವಿಟ್ಟು ಓದಿ, ಮನೆಯಲ್ಲಿ ಓದಿ ಹೇಳಿ.

ಒಂದು, ಬಿದ್ದವರ ಎರಡೂ ಭುಜ ತಟ್ಟಿ ಜೋರಾಗಿ ಕೂಗಿ. ಉತ್ತರವಿಲ್ಲದಿದ್ದರೆ ಹತ್ತು ಸೆಕೆಂಡಿನೊಳಗೆ ಎದೆ ಏರಿಳಿಯುತ್ತಿದೆಯೇ ನೋಡಿ. ಆಗೊಮ್ಮೆ ಈಗೊಮ್ಮೆ ಬರುವ ಗೊರಕೆಯಂಥ, ಮೀನು ಬಾಯಿ ಬಿಟ್ಟಂಥ ಉಸಿರು ಉಸಿರಲ್ಲ. ಅದು ಹೃದಯ ನಿಂತಿರುವುದರ ಗುರುತು. ಶುರುವಿನಲ್ಲಿ ಕೈಕಾಲು ಅದುರುವುದೂ ಉಂಟು. ನಮ್ಮ ಚಾಚಾ ಮೋಸಹೋದದ್ದು ಇಲ್ಲೇ.

ಎರಡು, ಒಬ್ಬರು 108ಕ್ಕೆ ಫೋನ್ ಮಾಡಿ ಸ್ಪೀಕರ್‌ನಲ್ಲಿ ಇಡಿ. ಇನ್ನೊಬ್ಬರು ಓಣಿಯ ತುದಿಗೆ ಓಡಿ ದಾರಿ ಬಿಡಿಸಲಿ.

ಮೂರು, ಅವರನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಮಂಚದ ಮೇಲೆ ಬೇಡ. ಎದೆಯ ನಡುವಿನ ಮೂಳೆಯ ಕೆಳ ಅರ್ಧಭಾಗದ ಮೇಲೆ ಅಂಗೈಯ ಬುಡ ಇಟ್ಟು, ಅದರ ಮೇಲೆ ಇನ್ನೊಂದು ಕೈ ಇಟ್ಟು, ಮೊಣಕೈ ಮಡಚದೆ ಒತ್ತಿ. ದೊಡ್ಡವರಲ್ಲಿ ಎದೆ ಐದರಿಂದ ಆರು ಸೆಂಟಿಮೀಟರ್ ತಗ್ಗಬೇಕು. ನಿಮಿಷಕ್ಕೆ 100ರಿಂದ 120 ಸಲ, ಅಂದರೆ ಸೆಕೆಂಡಿಗೆ ಎರಡು ಸಲದ ಹತ್ತಿರ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಿ. ಕನ್ನಡದಲ್ಲಾಗಲಿ ಉರ್ದುವಿನಲ್ಲಾಗಲಿ, ಜೋರಾಗಿ ಎಣಿಸುತ್ತಾ ಒತ್ತಿ.

ನಾಲ್ಕು, ಎರಡು ನಿಮಿಷಕ್ಕೊಮ್ಮೆ ಕೈ ಬದಲಿಸಿ. ಸುಸ್ತಾದ ಕೈ ಆಳವಾಗಿ ಒತ್ತಲಾರದು. ಆಂಬುಲೆನ್ಸಿನವರು ಬಂದು ವಹಿಸಿಕೊಳ್ಳುವವರೆಗೆ, ಇಲ್ಲವೇ ಬಿದ್ದವರು ಅಲುಗಾಡಿ ಸರಿಯಾಗಿ ಉಸಿರಾಡುವವರೆಗೆ ನಿಲ್ಲಿಸಬೇಡಿ.

ತರಬೇತಿ ಪಡೆದವರು 30 ಸಲ ಒತ್ತಿ 2 ಸಲ ಉಸಿರು ಕೊಡಬಹುದು. ತರಬೇತಿ ಇಲ್ಲದವರು ಬರೀ ಎದೆ ಒತ್ತಿದರೂ ಸಾಕು. ಭಾರತದ ತಜ್ಞರು ಸಾಮಾನ್ಯ ಜನರಿಗಾಗಿ ಹೇಳಿಕೊಡುವುದೂ ಅದನ್ನೇ. ಮಕ್ಕಳಿಗೆ ಮತ್ತು ನೀರಿನಲ್ಲಿ ಮುಳುಗಿದವರಿಗೆ ಮಾತ್ರ ಉಸಿರು ಕೊಡುವುದು ಬಹಳ ಮುಖ್ಯ, ಏಕೆಂದರೆ ಅವರಲ್ಲಿ ಮೊದಲು ನಿಂತದ್ದು ಉಸಿರು. ಬಾಯಿಗೆ ನೀರು ಹಾಕಬೇಡಿ. ಬೀಗದ ಕೈ, ಈರುಳ್ಳಿ, ಚಪ್ಪಲಿ ಯಾವುದೂ ಬೇಡ.

"ಪಕ್ಕೆಲುಬು ಮುರಿದರೆ?" ಎಂದು ಕೇಳುತ್ತಾರೆ. ಮುರಿಯಬಹುದು. ಮುರಿದ ಎಲುಬು ಕೆಲವು ವಾರಗಳಲ್ಲಿ ಕೂಡಿಕೊಳ್ಳುತ್ತದೆ. ಸತ್ತ ಮೆದುಳಿನ ಕೋಶ ಕೂಡಿಕೊಳ್ಳುವುದಿಲ್ಲ. "ಪೊಲೀಸ್ ಕೇಸ್ ಆದರೆ?" ಎಂದೂ ಕೇಳುತ್ತಾರೆ. ತುರ್ತು ಹೊತ್ತಿನಲ್ಲಿ ನೆರವಾಗುವವರನ್ನು ರಕ್ಷಿಸುವ ಕಾನೂನನ್ನು ಕರ್ನಾಟಕ 2016ರಲ್ಲಿ ರೂಪಿಸಿತು. 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಸಿಕ್ಕಿತು. ಹೆದರಬೇಡಿ.

ಮೂರನೆಯ ಪ್ರಶ್ನೆಯನ್ನು ಜನ ಬಾಯಿಬಿಟ್ಟು ಕೇಳುವುದಿಲ್ಲ. ಬಿದ್ದವರು ಹೆಂಗಸಾದರೆ? ಎದೆಯ ಮೇಲೆ ಕೈ ಇಡುವುದು ಹೇಗೆ? ಸಹೋದರಿಯರೇ, ಈ ಸಂಕೋಚಕ್ಕೆ ಒಂದೇ ಒಳ್ಳೆಯ ಪರಿಹಾರವೆಂದರೆ ನೀವು ಕಲಿಯುವುದು. ಹೃದಯ ಸ್ತಂಭನ ಹೆಚ್ಚಾಗಿ ಆಗುವುದು ಮನೆಯಲ್ಲೇ. ಹಗಲು ಹೊತ್ತು ಮನೆಯಲ್ಲಿ ಇರುವವರು ಹೆಚ್ಚಾಗಿ ನೀವೇ. ಅಮ್ಮಿಗೆ ಈ ವಿದ್ಯೆ ಮಗಳಿಂದ ಸಿಗಬೇಕು. ಎದೆ ಒತ್ತಲು ಬುರ್ಖಾ ತೆಗೆಯಬೇಕಾಗಿಯೂ ಇಲ್ಲ. ಇನ್ನು ಹೆಂಗಸರು ಯಾರೂ ಹತ್ತಿರ ಇಲ್ಲದಿದ್ದರೆ, ಅಲ್ಲಿರುವ ಗಂಡಸು ಹಿಂದೆಮುಂದೆ ನೋಡದೆ ಕೈ ಹಾಕಲಿ. ಸಂಕೋಚದಿಂದ ಒಬ್ಬ ತಾಯಿಯನ್ನು ಕಳೆದುಕೊಂಡ ಮನೆಗೆ ಆಮೇಲೆ ಯಾರೂ ಸಮಾಧಾನ ಹೇಳಲಾರರು.

ಶಾಲೆಯಿಂದ ಬದಲಾದ ಒಂದು ದೇಶ

2021 ನಮಗೆ ಮರೆಯಲಾಗದ ವರ್ಷ. ಆ ವರ್ಷ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ಹೃದಯ ಸ್ತಂಭನದಿಂದ ತೀರಿಕೊಂಡರು. ಇಡೀ ಕರ್ನಾಟಕ ಅತ್ತಿತು. ಆಮೇಲೆ ಜನ ತಪಾಸಣೆಗೆಂದು ಜಯದೇವದ ಮುಂದೆ ಸಾಲು ನಿಂತರು. 2025ರಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಬಂದಾಗಲೂ ಅದೇ ಸಾಲು. 2023ರಲ್ಲಿ ಸರ್ಕಾರ ಪುನೀತ್ ಅವರ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಆ ಯೋಜನೆ ಬಹಳ ಒಳ್ಳೆಯದು. ತಪಾಸಣೆಯೂ ಒಳ್ಳೆಯದು. ಆದರೆ ಸಾಲಿನಲ್ಲಿ ನಿಂತ ಅಷ್ಟು ಜನರಲ್ಲಿ ಎದೆ ಒತ್ತುವುದನ್ನು ಕಲಿತು ಮನೆಗೆ ಹೋದವರು ಎಷ್ಟು ಮಂದಿ?

ಅದೇ 2021ರ ಜೂನ್ 12ರಂದು ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಯೂರೋ ಫುಟ್‌ಬಾಲ್ ಪಂದ್ಯ ನಡೆಯುತ್ತಿತ್ತು. 29 ವರ್ಷದ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ ಮೈದಾನದಲ್ಲೇ ಕುಸಿದರು. ಅವರ ಹೃದಯ ನಿಂತಿತ್ತು. ಅಲ್ಲೇ ಹುಲ್ಲಿನ ಮೇಲೆ ಎದೆ ಒತ್ತಿದರು, ವಿದ್ಯುತ್ ಆಘಾತ ಕೊಡುವ ಎಇಡಿ ಯಂತ್ರ ಬಳಸಿದರು. ಎರಿಕ್ಸನ್ ಮೈದಾನದಿಂದ ಹೊರಹೋಗುವ ಮುಂಚೆಯೇ ಎಚ್ಚರಗೊಂಡರು. ಮುಂದಿನ ವರ್ಷ ಮತ್ತೆ ಫುಟ್‌ಬಾಲ್ ಆಡಿದರು. ನಿಮಿಷಗಳು ಉಳಿದವು, ಆದ್ದರಿಂದ ಮೆದುಳು ಉಳಿಯಿತು. ಒಬ್ಬರ ಸ್ತಂಭನ ಇನ್ನೊಬ್ಬರದರಂತೆ ಇರುವುದಿಲ್ಲ. ಎಲ್ಲರನ್ನೂ ಹೀಗೆ ಉಳಿಸಬಹುದೆಂದು ನಾನು ಹೇಳುತ್ತಿಲ್ಲ. ಆದರೆ ಕೆಲವರನ್ನು ಖಂಡಿತ ಉಳಿಸಬಹುದು.

ಅದು ದೊಡ್ಡ ಪಂದ್ಯ, ವೈದ್ಯರು ಅಲ್ಲೇ ಇದ್ದರು ಎನ್ನಬಹುದು. ಹಾಗಾದರೆ ಆ ದೇಶದ ಸಾಮಾನ್ಯ ಜನರ ಲೆಕ್ಕ ಕೇಳಿ. ಡೆನ್ಮಾರ್ಕ್ 2005ರಿಂದ ಶಾಲೆಗಳಲ್ಲಿ ಎದೆ ಒತ್ತುವ ಪಾಠವನ್ನು ಕಡ್ಡಾಯ ಮಾಡಿತು. ಡ್ರೈವಿಂಗ್ ಲೈಸೆನ್ಸ್ ಪಡೆಯುವವರೂ ಕಲಿಯಬೇಕೆಂದಿತು. 2001ರಲ್ಲಿ ಅಲ್ಲಿ ಆಸ್ಪತ್ರೆಯ ಹೊರಗೆ ಹೃದಯ ನಿಂತ ನೂರು ಜನರಲ್ಲಿ 21 ಮಂದಿಗೆ ಮಾತ್ರ ಹತ್ತಿರ ಇದ್ದವರು ಎದೆ ಒತ್ತುತ್ತಿದ್ದರು. 2010ರ ಹೊತ್ತಿಗೆ ಅದು ಸುಮಾರು 45 ಆಯಿತು. ಮೂವತ್ತು ದಿನ ಬದುಕಿ ಉಳಿದವರು ನೂರಕ್ಕೆ 3.5 ಇದ್ದದ್ದು 10.8ಕ್ಕೆ ಏರಿತು. 2017ರಲ್ಲಿ ಪ್ರಕಟವಾದ ಅಲ್ಲಿನ ಇನ್ನೊಂದು ಅಧ್ಯಯನ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಹೀಗೆ ಉಳಿದವರಲ್ಲಿ ಯಾರಿಗೆ ಜನರೇ ಎದೆ ಒತ್ತಿದ್ದರೋ, ಅವರು ಮೆದುಳಿನ ಹಾನಿಗೆ ಒಳಗಾಗುವ ಅಥವಾ ಆರೈಕೆ ಕೇಂದ್ರ ಸೇರುವ ಅಪಾಯ ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚು ಕಡಿಮೆಯಾಗಿತ್ತು. ಜೀವ ಮಾತ್ರವಲ್ಲ, ಬುದ್ಧಿಯೂ ಉಳಿಯಿತು. ಇದಕ್ಕೆ ಒಂದು ದೊಡ್ಡ ಕಾರಣ ಶಾಲೆಯ ಪಾಠ.

ಮಂಜುಗಡ್ಡೆಯ ಕಥೆ

ಇನ್ನು ಆಸ್ಪತ್ರೆಯ ಒಳಗೆ ಬರೋಣ. ಹೃದಯ ಮರಳಿ ಬಂದ ರೋಗಿಯ ಮೆದುಳನ್ನು ಕಾಯಲು ವೈದ್ಯರು ಏನು ಮಾಡುತ್ತಾರೆ?

ದೇಹದ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಇಳಿದರೆ ಮೆದುಳಿನ ಆಮ್ಲಜನಕದ ಬೇಡಿಕೆ ಸುಮಾರು ನೂರಕ್ಕೆ ಆರರಷ್ಟು ಇಳಿಯುತ್ತದೆ. 1999ರಲ್ಲಿ ನಾರ್ವೆಯಲ್ಲಿ ಮಂಜಿನ ಮೇಲೆ ಜಾರುವ ಆಟವಾಡುತ್ತಿದ್ದ ಒಬ್ಬ ಯುವ ವೈದ್ಯೆ ಹೆಪ್ಪುಗಟ್ಟಿದ ಹೊಳೆಯೊಳಗೆ ಬಿದ್ದು, ಮಂಜುಗಡ್ಡೆಯ ಅಡಿಯಲ್ಲಿ 80 ನಿಮಿಷ ಸಿಕ್ಕಿಕೊಂಡರು. ಹೊರತೆಗೆದಾಗ ಮೈ ಉಷ್ಣತೆ 13.7 ಡಿಗ್ರಿಗೆ ಇಳಿದಿತ್ತು. ಆಕೆ ಬದುಕಿದರು, ಮತ್ತೆ ವೈದ್ಯವೃತ್ತಿಗೆ ಮರಳಿದರು. ಹೃದಯ ನಿಲ್ಲುವ ಮೊದಲೇ ಮೆದುಳು ತಣ್ಣಗಾಗಿದ್ದೇ ಆಕೆಯನ್ನು ಕಾಪಾಡಿತು.

2002ರಲ್ಲಿ ಯುರೋಪಿನಿಂದ ಒಂದು, ಆಸ್ಟ್ರೇಲಿಯಾದಿಂದ ಒಂದು, ಹೀಗೆ ಎರಡು ಅಧ್ಯಯನಗಳು ಬಂದವು. ಹೃದಯ ಸ್ತಂಭನದಿಂದ ಮರಳಿದ, ಇನ್ನೂ ಪ್ರಜ್ಞೆ ಬಾರದ ರೋಗಿಗಳ ಮೈಯನ್ನು 32–34 ಡಿಗ್ರಿಗೆ ತಣ್ಣಗೆ ಮಾಡಿದರೆ ಮೆದುಳು ಚೆನ್ನಾಗಿ ಉಳಿಯುತ್ತದೆ ಎಂದು ಅವು ಹೇಳಿದವು. ಆಗ ಲೋಕದ ಎಷ್ಟೋ ಆಸ್ಪತ್ರೆಗಳಲ್ಲಿ ಐಸ್ ಚೀಲ, ತಣ್ಣನೆಯ ಸಲೈನ್, ತಣ್ಣೀರು ಹರಿಯುವ ಹೊದಿಕೆಗಳು ಬಂದವು. 2013ರಲ್ಲಿ 900ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ 33 ಡಿಗ್ರಿಗೂ 36 ಡಿಗ್ರಿಗೂ ವ್ಯತ್ಯಾಸ ಕಾಣಲಿಲ್ಲ. 2021ರಲ್ಲಿ ಇನ್ನೂ ದೊಡ್ಡದಾಗಿ, ಸುಮಾರು 1,850 ರೋಗಿಗಳನ್ನು ನೋಡಿದಾಗ, 33 ಡಿಗ್ರಿಗೆ ತಣಿಸುವುದಕ್ಕೂ ಜ್ವರ ಬಾರದಂತೆ ಸುಮ್ಮನೆ ಕಾಯುವುದಕ್ಕೂ ಫಲದಲ್ಲಿ ವ್ಯತ್ಯಾಸ ಸಿಗಲಿಲ್ಲ.

ಆದ್ದರಿಂದ ಇಂದಿನ ತಿಳಿವಳಿಕೆ ಇಷ್ಟು: ಎಲ್ಲರನ್ನೂ ಮಂಜುಗಡ್ಡೆ ಮಾಡಬೇಕಾಗಿಲ್ಲ. ಆದರೆ ಪ್ರಜ್ಞೆ ಬಾರದ ರೋಗಿಯ ಉಷ್ಣತೆಯನ್ನು ಕನಿಷ್ಠ 36 ಗಂಟೆ ಎಚ್ಚರದಿಂದ ಹಿಡಿತದಲ್ಲಿಟ್ಟು, 37.5 ಡಿಗ್ರಿ ದಾಟದಂತೆ ಕಾಯಲೇಬೇಕು. ಇದು ಬಡವರಿಗೆ ಸಿಹಿಸುದ್ದಿ. ದುಬಾರಿ ಯಂತ್ರವಿಲ್ಲದ ಸಾಮಾನ್ಯ ಆಸ್ಪತ್ರೆಯಲ್ಲೂ ಥರ್ಮಾಮೀಟರ್, ಔಷಧಿ ಮತ್ತು ಎಚ್ಚರದ ನರ್ಸ್ ಇದ್ದರೆ ಈ ಕೆಲಸವನ್ನು ಬಹುಮಟ್ಟಿಗೆ ಮಾಡಬಹುದು. ಜೊತೆಗೆ ರಕ್ತದೊತ್ತಡ ಬೀಳದಂತೆ, ಆಮ್ಲಜನಕ ಕಡಿಮೆಯೂ ಆಗದಂತೆ ಅತಿಯೂ ಆಗದಂತೆ, ರಕ್ತದ ಸಕ್ಕರೆ ಏರಿಳಿಯದಂತೆ, ಫಿಟ್ಸ್ ಬಂದರೆ ಕೂಡಲೇ ಗುರುತಿಸುವಂತೆ ನೋಡಿಕೊಳ್ಳಬೇಕು.

ಮನೆಯವರಾಗಿ ನೀವು ಮಾಡಬಹುದಾದ್ದು ಏನು? ವೈದ್ಯರನ್ನು ಸಮಾಧಾನದಿಂದ ನಾಲ್ಕು ಪ್ರಶ್ನೆ ಕೇಳಿ. ಜ್ವರ ಬಂದಿದೆಯೇ? ಬಿಪಿ ನಿಂತಿದೆಯೇ? ಆಮ್ಲಜನಕ ಎಷ್ಟಿದೆ? ಫಿಟ್ಸ್ ಇದೆಯೇ, ಇಇಜಿ ತೆಗೆಯುತ್ತೀರಾ? "ಕೈ ತಣ್ಣಗಿದೆ" ಎಂದು ಮನೆಯಿಂದ ಕಂಬಳಿ ತಂದು ಹೊದಿಸಬೇಡಿ.

ಆತುರವೂ ಬೇಡ, ಸುಳ್ಳು ಆಸೆಯೂ ಬೇಡ

ಮೊದಲ ದಿನವೇ ಮನೆಯವರು ನನ್ನ ಕೋಟು ಹಿಡಿದು ಕೇಳುತ್ತಾರೆ: "ಡಾಕ್ಟರ್, ಎದ್ದು ಕೂರುತ್ತಾರಾ ಇಲ್ಲವಾ, ಒಂದು ಮಾತು ಹೇಳಿಬಿಡಿ." ಇನ್ನು ಕೆಲವರು, "ವೆಂಟಿಲೇಟರ್ ಹಾಕಿದರೆ ಮುಗಿಯಿತು" ಎಂದು ಮನೆಗೆ ಕರೆದೊಯ್ಯಲು ಹೊರಡುತ್ತಾರೆ. ಎರಡೂ ತಪ್ಪು. ನಿದ್ದೆಯ ಔಷಧಿ, ಮೆದುಳಿಗೆ ಬಿದ್ದ ಪೆಟ್ಟು ಎರಡೂ ಸೇರಿ ಮೊದಲ ದಿನಗಳಲ್ಲಿ ನಿಜಸ್ಥಿತಿಯನ್ನು ಮುಚ್ಚಿಬಿಡುತ್ತವೆ. ಆದ್ದರಿಂದ ಹೃದಯ ಮರಳಿ ಬಂದು ಕನಿಷ್ಠ 72 ಗಂಟೆ ಆಗುವವರೆಗೆ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಭವಿಷ್ಯದ ತೀರ್ಪು ಕೊಡಬಾರದೆಂದು ನಿಯಮವಿದೆ. ಆಮೇಲೂ ಒಂದೇ ಪರೀಕ್ಷೆಯನ್ನು ನಂಬುವುದಿಲ್ಲ. ಕಣ್ಣಿನ ಪಾಪೆ ಬೆಳಕಿಗೆ ಕುಗ್ಗುತ್ತದೆಯೇ, ಇಇಜಿ ಏನು ಹೇಳುತ್ತದೆ, ಸ್ಕ್ಯಾನ್ ಏನು ತೋರಿಸುತ್ತದೆ, ಎಲ್ಲವನ್ನೂ ಕೂಡಿಸಿ ನೋಡುತ್ತಾರೆ.

ಕೋಮಾ ಬೇರೆ, ಮೆದುಳಿನ ಸಾವು ಬೇರೆ ಎಂಬುದನ್ನೂ ನೆನಪಿಡಿ. ಕೋಮಾದಿಂದ ಮರಳುವವರಿದ್ದಾರೆ. ಮೆದುಳು ಸತ್ತಿದೆ ಎಂದು ಕಾನೂನಿನ ಪ್ರಕಾರ ಪರೀಕ್ಷಿಸಿ ನಿರ್ಧರಿಸಿದ ಮೇಲೆ ಮರಳುವ ದಾರಿಯಿಲ್ಲ. ಯಾವುದು ಎಂದು ವೈದ್ಯರನ್ನು ಸ್ಪಷ್ಟವಾಗಿ ಕೇಳುವ ಹಕ್ಕು ನಿಮಗಿದೆ.

ಮನೆಗೆ ಮರಳಿದವರ ಬಗ್ಗೆಯೂ ಒಂದು ಮಾತು. ಅವರು ನಡೆಯುತ್ತಾರೆ, ಊಟ ಮಾಡುತ್ತಾರೆ, ಆದರೆ ಬೆಳಿಗ್ಗೆ ಹೇಳಿದ್ದು ಸಂಜೆ ನೆನಪಿರುವುದಿಲ್ಲ. ಬೇಗ ಸಿಟ್ಟು ಬರುತ್ತದೆ. ಅಂಗಡಿಯ ಲೆಕ್ಕ ತಪ್ಪುತ್ತದೆ. ಮನೆಯವರು ಇದನ್ನು ಹಠ, ಸೋಮಾರಿತನ ಎಂದು ಬಗೆಯುತ್ತಾರೆ. ಅದು ಹಠವಲ್ಲ, ಮೆದುಳಿಗೆ ಬಿದ್ದ ಪೆಟ್ಟು. ನಿಮ್ಹಾನ್ಸ್‌ನಂಥ ಕಡೆ ನರರೋಗಿಗಳಿಗೆ ಪುನಶ್ಚೇತನ ವಿಭಾಗವಿದೆ. ಕೇಳಲು ನಾಚಬೇಡಿ.

ಸಂಘಕ್ಕೆ ನನ್ನ ಮೂರು ಬೇಡಿಕೆ

ಮೊದಲನೆಯದು, ಎಂಟನೆಯ ತರಗತಿಯಿಂದ ಮೇಲಿನ ಪ್ರತಿ ವಿದ್ಯಾರ್ಥಿ ವರ್ಷಕ್ಕೊಮ್ಮೆ ಒಂದು ಗಂಟೆ ಈ ವಿದ್ಯೆ ಕಲಿಯಲಿ. ಗೊಂಬೆ ಇಲ್ಲದಿದ್ದರೆ ಗಟ್ಟಿ ದಿಂಬಿನ ಮೇಲೆ ಶುರು ಮಾಡಬಹುದು. ಎರಡನೆಯದು, ಹೆಂಗಸರಿಗಾಗಿ ಬೇರೆ ತರಗತಿ, ಹೇಳಿಕೊಡುವವರೂ ಹೆಂಗಸರೇ ಆಗಿರಲಿ. ಮೂರನೆಯದು, ಮಸೀದಿಯ ವುಜೂ ಮಾಡುವ ಜಾಗದಲ್ಲಿ, ಶಾದಿಮಹಲ್‌ನಲ್ಲಿ, ಶಾಲೆಯ ಗೇಟಿನಲ್ಲಿ ಮೇಲೆ ಹೇಳಿದ ನಾಲ್ಕು ಹೆಜ್ಜೆಗಳ ಚಿತ್ರ ಇರಲಿ, ಕೆಳಗೆ ದೊಡ್ಡ ಅಕ್ಷರದಲ್ಲಿ 108 ಎಂದಿರಲಿ. ಮುಂದೆ ಅನುಕೂಲವಾದಾಗ ಒಂದು ಎಇಡಿ ಯಂತ್ರವನ್ನೂ ಕೊಳ್ಳೋಣ. ಅದು ತಾನೇ ಮಾತಾಡಿ ದಾರಿ ಹೇಳುತ್ತದೆ. ಆದರೆ ಯಂತ್ರ ಬರುವವರೆಗೆ ಕಾಯಬೇಡಿ, ಕೈಗಳು ಈಗಲೇ ಇವೆ.

ಈ ಸಭೆಯಲ್ಲಿ, ಈ ಓದುಗರಲ್ಲಿ, ನನ್ನಂತೆಯೇ ಕಣ್ಣೆದುರಿನಲ್ಲಿ ತಮ್ಮವರನ್ನು ಕಳೆದುಕೊಂಡವರು ಇದ್ದೀರಿ. ನಿಮಗೊಂದು ಮಾತು. ನೀವು ಅಪರಾಧಿಗಳಲ್ಲ. ಎಲ್ಲವನ್ನೂ ಸರಿಯಾಗಿ ಮಾಡಿದರೂ ಹೆಚ್ಚಿನವರು ಉಳಿಯುವುದಿಲ್ಲ ಎಂಬುದು ಸತ್ಯ. ನೀರಿನ ಲೋಟ ಹಿಡಿದು ನಿಂತಿದ್ದ ಆ ಪಿಯುಸಿ ಹುಡುಗನನ್ನು ನಾನು ಬಹಳ ವರ್ಷ ಕ್ಷಮಿಸಿರಲಿಲ್ಲ. ಈಗ ಕ್ಷಮಿಸಿದ್ದೇನೆ, ಏಕೆಂದರೆ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೆ ಇಂದು ಇಲ್ಲಿ ಕುಳಿತಿರುವ ಪಿಯುಸಿ ಹುಡುಗನಿಗೆ ಯಾರೂ ಹೇಳಿಕೊಡಲಿಲ್ಲ ಎಂದು ನಾಳೆ ಆಗಬಾರದು.

ಆ ಅಂಗಡಿ ಈಗ ಮೊಬೈಲ್ ರೀಚಾರ್ಜ್ ಅಂಗಡಿಯಾಗಿದೆ. ಮೆಟ್ಟಿಲು ಮಾತ್ರ ಅದೇ ಇದೆ. ಅಲ್ಲಿ ಕೂರುವ ಹುಡುಗನಿಗೆ ಕಳೆದ ತಿಂಗಳು ನಾನೇ ಎದೆ ಒತ್ತುವುದನ್ನು ಹೇಳಿಕೊಟ್ಟು ಬಂದೆ. ನೀವೂ ಕಲಿಯಿರಿ, ಇನ್ನೊಬ್ಬರಿಗೆ ಕಲಿಸಿರಿ.